ಗಾಲಿಗೊಂದು ಮುಚ್ಚಳ

ಹಳ್ಳಿಯ ರಸ್ತೆಗಳ ಅಂಚಿನಲ್ಲಿ ಜಾಲಿಯ ಪೊದೆಗಳ ಬುಡದಲ್ಲಿ ಆಗಾಗ ಒಂದು ವಿಚಿತ್ರವಾದ ವಸ್ತು ಕಣ್ಣಿಗೆ ಬೀಳುವುದುಂಟು. ದೂರದಿಂದ ನೋಡಿದರೆ ಬೆಳ್ಳಿಯ ತಟ್ಟೆಯಂತೆ ಹೊಳೆಯುತ್ತದೆ. ಹತ್ತಿರ ಹೋದರೆ ಯಾವುದೋ ಮೋಟಾರಿನ ಗಾಲಿಯಿಂದ ಕಳಚಿ ಬಿದ್ದ ಮುಚ್ಚಳ. ಗುಂಡಿಯೊಂದರಲ್ಲಿ ಗಾಲಿ ಧಡ್ಡನೆ ಇಳಿದಾಗ ಅದು ಹಾರಿಹೋಗಿರುತ್ತದೆ. ಒಡೆಯನಿಗೆ ಅದರ ಅರಿವಾಗುವುದು ಊರು ತಲುಪಿದ ಮೇಲೆ, ಅದೂ ನೆರೆಮನೆಯವರು ತೋರಿಸಿಕೊಟ್ಟಾಗ!

ಕಾಳಗಿಯಲ್ಲಿ ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಹಿಂದೆ ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದ ಈ ಊರು ಇಂದು ತಾನೇ ಒಂದು ತಾಲ್ಲೂಕಿನ ಕೇಂದ್ರ. ಸುತ್ತ ತೊಗರಿಯ ಹೊಲಗಳು. ಸೇಡಂ, ವಾಡಿ, ಮಳಖೇಡಗಳ ಕಡೆ ಸಿಮೆಂಟಿನ ಕಾರ್ಖಾನೆಗಳು. ನೆಲದಡಿ ಎಲ್ಲಿ ಅಗೆದರೂ ಪದರ ಪದರವಾದ ಸುಣ್ಣಕಲ್ಲು. ಆ ಮನೆಯ ಯಜಮಾನರು ನಿವೃತ್ತ ಶಾಲಾಶಿಕ್ಷಕರು. ಮಗ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವ ತರುಣ. ಕಲಬುರಗಿಯಲ್ಲಿ ಕೊಂಡುತಂದ ಹಳೆಯ ಕಾರೊಂದು ಅಂಗಳದಲ್ಲಿದೆ. ಅದರ ನಾಲ್ಕು ಮುಚ್ಚಳಗಳಲ್ಲಿ ಮೂರು ದಾರಿಯ ಪಾಲಾಗಿ, ಒಂದು ಮಾತ್ರ ಮುತ್ತೈದೆಯ ಮೂಗುತಿಯಂತೆ ಉಳಿದುಕೊಂಡಿದೆ. ಮುಂದಿನ ತಿಂಗಳು ಮನೆಯ ಮಗಳ ನಿಶ್ಚಿತಾರ್ಥ, ಬೀಗರು ಬರುವವರಿದ್ದಾರೆ. ಕಾರು ಹೀಗೆ ಬೋಳಾಗಿ ನಿಂತಿದ್ದರೆ ನೋಡಿದವರು ಏನೆಂದಾರು?

“ಅಂಗಡಿದಾಗ ಯಾಕ ತರಬೇಕ್ರಿ ಅಪ್ಪಾ? ಫೈಬರದಾಗ ನಾನೇ ಮಾಡ್ತೀನಿ” ಎಂದ ಮಗ.

ತಂದೆ ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. “ಮಾಡು. ಆದ್ರ ಮನಿ ಸುಡಬ್ಯಾಡ” ಎಂದರು.

ಆ ಎಚ್ಚರಿಕೆ ವ್ಯರ್ಥವಾದುದಲ್ಲವೆಂಬುದು ಮುಂದೆ ತಿಳಿಯುವುದು.

ಜನ ‘ಫೈಬರ್’ ಎಂದು ಕರೆಯುವ ಈ ವಸ್ತು ನಿಜವಾಗಿ ಎರಡರ ಸಂಸಾರ: ಕೂದಲಿಗಿಂತ ಸೂಕ್ಷ್ಮವಾದ ಗಾಜಿನ ನೂಲು ಒಂದು, ಅದನ್ನು ಬಿಗಿಹಿಡಿಯುವ ರೆಸಿನ್ ಎಂಬ ಕೃತಕ ರಾಳ ಮತ್ತೊಂದು. ಗಾಜು ಬಲಿಷ್ಠ, ಆದರೆ ಒಡೆಯುವ ಗುಣದ್ದು. ರಾಳ ಬಾಗಬಲ್ಲದು, ಆದರೆ ದುರ್ಬಲ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಬೆರೆಸಿ ಕಲಸುತ್ತಿದ್ದ ನಮ್ಮ ಹಿರಿಯರು ಈ ತತ್ತ್ವವನ್ನು ಅರಿತವರೇ.

ಗಾಜಿನ ನೂಲು ವ್ಯಾಪಾರಕ್ಕೆ ಬಂದುದರ ಹಿಂದೆ ಒಂದು ಆಕಸ್ಮಿಕವಿದೆ. ೧೯೩೨ರಲ್ಲಿ ಅಮೆರಿಕದ ಡೇಲ್ ಕ್ಲೈಸ್ಟ್ ಎಂಬ ತರುಣ ಗಾಜಿನ ಇಟ್ಟಿಗೆಗಳನ್ನು ಬೆಸೆಯುವ ಪ್ರಯತ್ನದಲ್ಲಿದ್ದಾಗ, ಕರಗಿದ ಗಾಜಿನ ಧಾರೆಗೆ ಒತ್ತಡದ ಗಾಳಿ ತಗುಲಿ, ಗಾಜು ಸಣ್ಣ ಸಣ್ಣ ಎಳೆಗಳಾಗಿ ಚಿಮ್ಮಿತು. ಬೇಡದ್ದಾಗಿ ಬಂದುದೇ ಬೇಕಾದುದಾಯಿತು. ೧೯೩೮ರಲ್ಲಿ ಇದಕ್ಕಾಗಿಯೇ ಅಲ್ಲಿ ಒಂದು ಸಂಸ್ಥೆ ಹುಟ್ಟಿತು. ೧೯೫೩ರಲ್ಲಿ ಷೆವರ್ಲೆ ಸಂಸ್ಥೆಯವರು ಕಾರ್ವೆಟ್ ಎಂಬ ಕಾರಿನ ಮೈಯನ್ನೆಲ್ಲ ಇದರಿಂದಲೇ ಮಾಡಿದರು. ಆ ವರ್ಷ ಹೊರಬಂದವು ಬರಿಯ ೩೦೦ ಕಾರುಗಳು. ನಮ್ಮ ಕನ್ನಡನಾಡೂ ಹಿಂದೆ ಬೀಳಲಿಲ್ಲ. ೧೯೭೦ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಬಾದಲ್’ ಎಂಬ ಮೂರು ಗಾಲಿಯ ಕಾರು, ಮುಂದಿನ ದಶಕದಲ್ಲಿ ಸಿಪಾನಿ ಸಂಸ್ಥೆಯವರು ಹೊರತಂದ ‘ಡಾಲ್ಫಿನ್’, ಎರಡರ ಮೈಯೂ ಗಾಜಿನ ನೂಲಿನದೇ. ಅವು ಇಂದು ರಸ್ತೆಯ ಮೇಲೆ ಕಾಣಸಿಗುವುದು ದುರ್ಲಭ. ಆದರೆ ಲೋಹದ ದೊಡ್ಡ ಅಚ್ಚುಯಂತ್ರಗಳಿಲ್ಲದೆಯೂ ಕಾರಿನ ಮೈಯನ್ನು ಕಟ್ಟಬಹುದೆಂಬುದನ್ನು ಅವು ಬೆಂಗಳೂರಿನಲ್ಲಿಯೇ ತೋರಿಸಿಕೊಟ್ಟವು. ಕಾರಿಗಾದುದು ಕಾರಿನ ಗಾಲಿಯ ಮುಚ್ಚಳಕ್ಕೆ ಆಗದೇ?

ಮೊದಲು ಬೇಕಾದುದು ಅಚ್ಚು. ಉಳಿದಿದ್ದ ಒಂದೇ ಮುಚ್ಚಳದ ಮೇಲೆ ರೆಸಿನ್ ಬಳಿದು ಪ್ರತಿಯೆತ್ತಿದರೆ ಸಾಕಲ್ಲವೇ ಎಂದು ತೋರಬಹುದು. ಆದರೆ ರೆಸಿನ್ನಿನಲ್ಲಿರುವ ಸ್ಟೈರೀನ್ ಎಂಬ ದ್ರವ ಕೆಲವು ಬಗೆಯ ಪ್ಲಾಸ್ಟಿಕ್ಕುಗಳನ್ನು ಕರಗಿಸಿಬಿಡುತ್ತದೆ. ಪ್ರತಿಯೂ ಇಲ್ಲ, ಮೂಲವೂ ಇಲ್ಲ ಎಂಬಂತಾದೀತು. ಆದುದರಿಂದ ಹುಡುಗ ಬೇರೊಂದು ಉಪಾಯವನ್ನು ಹೂಡಿದ. ಎರಡಡಿ ಚೌಕದ ನಯವಾದ ಶಹಾಬಾದಿ ಪರ್ಸಿಯೊಂದನ್ನು ಅಂಗಳದಲ್ಲಿ ಮಟ್ಟವಾಗಿ ಹಾಸಿ, ಅದರ ನಡುವೆ ತೂತು ಕೊರೆದು ನೆಟ್ಟಗೆ ಒಂದು ಕಬ್ಬಿಣದ ಸರಳನ್ನು ನಿಲ್ಲಿಸಿದ. ಸುತ್ತ ತಗಡಿನ ಬಳೆ ಕಟ್ಟಿ, ಒಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಹಾಕಿದ. ಮುಚ್ಚಳದ ಉಬ್ಬಿಗೆ ಹೊಂದುವಂತೆ ಅಂಚನ್ನು ಕತ್ತರಿಸಿದ ಹಲಗೆಯೊಂದನ್ನು ಸರಳಿಗೆ ಪೋಣಿಸಿ, ಪ್ಲಾಸ್ಟರ್ ಬಿಗಿಯುವುದರೊಳಗಾಗಿ ಸುತ್ತಲೂ ತಿರುಗಿಸಿದ. ಕುಂಬಾರನಲ್ಲಿ ತಿರುಗುವುದು ಮಣ್ಣು, ನಿಲ್ಲುವುದು ಕೈ. ಇಲ್ಲಿ ಮಣ್ಣು ನಿಂತಿದೆ, ಕೈ ತಿರುಗುತ್ತಿದೆ. ಅರ್ಧ ಗಂಟೆಯಲ್ಲಿ ಆಳವಲ್ಲದ ಬೋಗುಣಿಯಂಥ ಗುಂಡನೆಯ ತಗ್ಗು ಸಿದ್ಧವಾಯಿತು. ಸರಳನ್ನು ಕಿತ್ತು, ತೂತನ್ನು ಮುಚ್ಚಿ, ಅಚ್ಚನ್ನು ಕಾಳಗಿಯ ಬಿಸಿಲಿಗೆ ಒಪ್ಪಿಸಿದ. ಆ ಬಿಸಿಲು ಒಣಗಿಸುವ ವಿಷಯದಲ್ಲಿ ಎಂದೂ ಜಿಪುಣತನ ತೋರಿದ್ದಿಲ್ಲ.

ಅಚ್ಚು ಪೂರ್ತಿ ಒಣಗಲು ಕೆಲವು ದಿನಗಳೇ ಬೇಕು. ಒಳಗೆ ತೇವವುಳಿದರೆ ರೆಸಿನ್ ಸರಿಯಾಗಿ ಬಲಿಯುವುದಿಲ್ಲ. ಒಣಗಿದ ಮೇಲೆ ಬಡಿಗರು ಬಳಸುವ ಅರಗಿನ ಪಾಲಿಷನ್ನು ಎರಡು ಮೂರು ಬಾರಿ ಸವರಿ ಅದರ ಸಣ್ಣ ರಂಧ್ರಗಳನ್ನು ಮುಚ್ಚಬೇಕು. ಆಮೇಲೆ ಮೇಣ, ಒಮ್ಮೆಯಲ್ಲ, ನಾಲ್ಕೈದು ಬಾರಿ ಹಚ್ಚಿ ಉಜ್ಜಬೇಕು. ಅದರ ಮೇಲೆ ಪಿ. ವಿ. ಎ. ಎಂಬ ತೆಳುವಾದ ದ್ರಾವಣ. ಒಣಗಿದಾಗ ಅದು ಈರುಳ್ಳಿಯ ಸಿಪ್ಪೆಯಂಥ ಪೊರೆಯಾಗುತ್ತದೆ. ಇಷ್ಟೆಲ್ಲವೂ ಏಕೆಂದರೆ, ಕೊನೆಯಲ್ಲಿ ಮುಚ್ಚಳ ಅಚ್ಚಿನಿಂದ ಬಿಟ್ಟುಬರಬೇಕು. ದೋಸೆ ಹೆಂಚಿಗೆ ಎಣ್ಣೆ ಸವರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಲೆಕ್ಕ. ೧೩ ಇಂಚಿನ ಗಾಲಿಯ ಮುಚ್ಚಳದ ಅಡ್ಡಳತೆ ಸುಮಾರು ೩೬ ಸೆಂಟಿಮೀಟರು. ಒಂದು ಚದರ ಮೀಟರಿಗೆ ೪೫೦ ಗ್ರಾಂ ತೂಗುವ ಗಾಜಿನ ಮ್ಯಾಟು ಒಂದು ಪದರಕ್ಕೆ ಸುಮಾರು ಒಂದು ಮಿಲಿಮೀಟರು ದಪ್ಪ ಕೊಡುತ್ತದೆ. ಎರಡು ಪದರ ಸಾಕು. ಒಂದು ಮುಚ್ಚಳಕ್ಕೆ ಗಾಜು ೯೦ ಗ್ರಾಂ ಹಿಡಿದರೆ, ರೆಸಿನ್ ಅದರ ಎರಡೂವರೆ ಪಟ್ಟು, ಅಂದರೆ ೨೩೦ ಗ್ರಾಂ ಹಿಡಿಯುತ್ತದೆ. ಮೇಲ್ಮೈಯ ಬಣ್ಣದ ಪದರವಾದ ‘ಜೆಲ್‌ಕೋಟ್’ ೬೦ ಗ್ರಾಂ. ಎಲ್ಲ ಸೇರಿ ಒಂದು ಮುಚ್ಚಳ ೪೦೦ ಗ್ರಾಮಿನೊಳಗೇ. ಎರಡು ಕೆ. ಜಿ. ರೆಸಿನ್ ಇದ್ದರೆ ನಾಲ್ಕು ಮುಚ್ಚಳಗಳಾಗಿ, ಕಲಿಯುವವನ ತಪ್ಪುಗಳಿಗೂ ಒಂದಿಷ್ಟು ಉಳಿಯುತ್ತದೆ.

ತಪ್ಪು ಆಯಿತು.

ರೆಸಿನ್ ತಾನಾಗಿ ಗಟ್ಟಿಯಾಗದು. ಅದಕ್ಕೆ ಕೋಬಾಲ್ಟ್ ಎಂಬ ನೇರಿಳೆ ಬಣ್ಣದ ದ್ರವವನ್ನು ಮೊದಲು ಸೇರಿಸಿ ಚೆನ್ನಾಗಿ ಕಲಸಿ, ಆಮೇಲೆ ಎಂ. ಇ. ಕೆ. ಪಿ. ಎಂಬ ಹಾರ್ಡನರನ್ನು ಸೇರಿಸಬೇಕು. ಎರಡೂ ನೂರಕ್ಕೆ ಒಂದೆರಡು ಪಾಲಿನಷ್ಟು ಮಾತ್ರ. ಈ ಎರಡು ದ್ರವಗಳು ರೆಸಿನ್ನಿನ ಮಧ್ಯಸ್ಥಿಕೆಯಿಲ್ಲದೆ ನೇರವಾಗಿ ಕೂಡಿದರೆ ಸಿಡಿದು ಹೊತ್ತಿಕೊಳ್ಳುವ ಭಯವಿದೆ. ಒಂದೇ ಚಮಚವನ್ನು ಎರಡಕ್ಕೂ ಬಳಸುವುದು ಕೂಡ ಅಪಾಯ. ಹುಡುಗ ಇದನ್ನು ಬಲ್ಲವನಾಗಿದ್ದ. ಆದರೆ ಏಪ್ರಿಲ್ ತಿಂಗಳೆಂಬುದನ್ನು ಮರೆತ. ಈ ಸೀಮೆಯಲ್ಲಿ ಆ ತಿಂಗಳು ೪೨ ಡಿಗ್ರಿ ಮೀರುವುದು ಅಪರೂಪವಲ್ಲ. ಉಷ್ಣತೆ ಹತ್ತು ಡಿಗ್ರಿ ಏರಿದರೆ ರೆಸಿನ್ ಬಿಗಿಯುವ ವೇಗ ಸುಮಾರು ಇಮ್ಮಡಿಯಾಗುತ್ತದೆ. ೨೫ ಡಿಗ್ರಿಯಲ್ಲಿ ಅರ್ಧ ಗಂಟೆ ತಾಳುವ ಮಿಶ್ರಣ ೪೦ ಡಿಗ್ರಿಯಲ್ಲಿ ಹತ್ತು ನಿಮಿಷವೂ ತಾಳಲಾರದು. ಅದೂ ಅಲ್ಲದೆ, ಬಿಗಿಯುವಾಗ ಅದು ತಾನೇ ಶಾಖವನ್ನು ಹುಟ್ಟಿಸುತ್ತದೆ. ತೆಳುವಾಗಿ ಹರಡಿದರೆ ಆ ಶಾಖ ಆರಿಹೋಗುತ್ತದೆ, ಡಬ್ಬಿಯಲ್ಲಿ ಒಟ್ಟಾಗಿದ್ದರೆ ಅಲ್ಲಿಯೇ ಕುದಿಯುತ್ತದೆ.

ನಡುಮಧ್ಯಾಹ್ನ ಹುಡುಗ ಒಂದು ಕೆ. ಜಿ. ರೆಸಿನ್ನನ್ನು ಒಮ್ಮೆಗೇ ಕಲಸಿದ. ಮೊದಲ ಪದರ ಬಳಿದು ಮುಗಿಯುವ ಮೊದಲೇ ಡಬ್ಬಿ ಕೈಗೆ ಬಿಸಿಯಾಯಿತು, ದ್ರವ ಲೋಳೆಯಾಯಿತು, ಕಟುವಾದ ಹೊಗೆಯೆದ್ದಿತು. ಗಾಬರಿಗೊಂಡು ಅದನ್ನು ಅಂಗಳದ ಮರಳಿನ ಗುಡ್ಡೆಗೆ ಎಸೆದ. ಒಳಗಿನಿಂದ ತಾಯಿ ಓಡಿಬಂದರು.

“ಏ ತಮ್ಮಾ, ಏನ್ ಸುಡಾಕತ್ತೀಯೋ? ಕಣ್ಣು ಉರೀಲಿಕತ್ತಾವ!”

“ಏನಿಲ್ಲವ್ವಾ, ಸ್ವಲ್ಪ ಜಾಸ್ತಿ ಕಲಸಿದೆ.”

“ಜಾಸ್ತಿ ಕಲಸಿದ್ರ ಹಿಟ್ಟು ಗಟ್ಟಿ ಆಗ್ತದ, ಹೊಗಿ ಬರಂಗಿಲ್ಲ!” ಎಂದು ತಾಯಿ ಒಲೆಯ ಅನಿಲವನ್ನು ಮೊದಲು ಆರಿಸಿ ಬಂದರು. ರೆಸಿನ್ನಿನ ಆವಿ ಸುಲಭವಾಗಿ ಹೊತ್ತಿಕೊಳ್ಳುವಂಥದು. ಯಾರೂ ಹೇಳಿಕೊಡದೆಯೇ ಆ ತಾಯಿ ಮಾಡಿದ ಕೆಲಸ ಎಲ್ಲಕ್ಕಿಂತ ಬುದ್ಧಿವಂತಿಕೆಯದು.

ಮರುದಿನದಿಂದ ಕ್ರಮ ಬದಲಾಯಿತು. ಬೆಳಗಿನ ಐದೂವರೆಗೆ, ಅಡಿಗೆಮನೆಯಿಂದ ದೂರ, ಬಯಲಿನಲ್ಲಿ ಕೆಲಸ. ಒಮ್ಮೆಗೆ ೧೫೦ ಗ್ರಾಮಿಗಿಂತ ಹೆಚ್ಚಿಲ್ಲ. ಹಾರ್ಡನರನ್ನು ಅಳೆಯಲು ಬೇರೆಯೇ ಸೂಜಿಯಿಲ್ಲದ ಪಿಚಕಾರಿ. ಕೈಗೆ ರಬ್ಬರಿನ ಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ. ಹಾರ್ಡನರಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು; ಹಾಗೇನಾದರೂ ಬಿದ್ದರೆ ತಕ್ಷಣ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ನೀರಿನಿಂದ ತೊಳೆದು ವೈದ್ಯರ ಬಳಿಗೆ ಓಡಬೇಕು. ಅಚ್ಚಿಗೆ ಮೊದಲು ಜೆಲ್‌ಕೋಟ್ ಬಳಿದು, ಅದು ಬೆರಳಿಗೆ ಅಂಟಿಯೂ ಅಂಟದ ಹದಕ್ಕೆ ಬಂದಾಗ ರೆಸಿನ್, ಅದರ ಮೇಲೆ ಮ್ಯಾಟು, ಮತ್ತೆ ರೆಸಿನ್. ಕುಂಚದಿಂದ ಎಳೆಯಬಾರದು, ಕುಟ್ಟಬೇಕು. ಎಳೆದರೆ ನೂಲು ಚದರುತ್ತದೆ, ಕುಟ್ಟಿದರೆ ಒಳಗಿನ ಗಾಳಿಗುಳ್ಳೆಗಳು ಹೊರಬರುತ್ತವೆ. ಬಿಳಿಯಾಗಿದ್ದ ಮ್ಯಾಟು ರಾಳವನ್ನು ಕುಡಿದು ಪಾರದರ್ಶಕವಾಗುವುದೇ ಕೆಲಸ ಸರಿಯಾಯಿತೆಂಬುದರ ಗುರುತು. ಎಲ್ಲಿಯಾದರೂ ಬಿಳಿ ಉಳಿದರೆ ಅಲ್ಲಿ ರಾಳ ಸೇರಿಲ್ಲವೆಂದು ಅರ್ಥ.

ಹೀಗೆ ದಿನಕ್ಕೊಂದರಂತೆ ನಾಲ್ಕು ಮುಚ್ಚಳಗಳಾದವು. ಅಂಚನ್ನು ಹ್ಯಾಕ್ಸಾ ಬ್ಲೇಡಿನಿಂದ ನೀರು ಹನಿಸುತ್ತ ಕತ್ತರಿಸಿ, ನೀರುಕಾಗದದಿಂದ ಉಜ್ಜಿದ್ದಾಯಿತು. ಒಣಗಿದ್ದಾಗಲೇ ಉಜ್ಜಿದರೆ ಗಾಜಿನ ಧೂಳು ಶ್ವಾಸಕೋಶವನ್ನು ಸೇರುತ್ತದೆ; ಮುಖಕ್ಕೆ ಮುಸುಕು ಬೇಕೇ ಬೇಕು. ಗುಜರಿಯಲ್ಲಿ ಸಿಕ್ಕ ಹಳೆಯ ಮುಚ್ಚಳಗಳ ಉಕ್ಕಿನ ತಂತಿಯುಂಗುರ, ಸ್ಪ್ರಿಂಗ್ ಹಿಡಿಗಳನ್ನು ಹಿಂಬದಿಯಲ್ಲಿ ಮ್ಯಾಟಿನ ಪಟ್ಟಿಗಳಿಂದ ಬಂಧಿಸಿದ. ಆಮೇಲೆ ಒಂದೊಂದನ್ನೂ ನಡುಮಧ್ಯದಲ್ಲಿ ಮೊಳೆಯ ಮೊನೆಯ ಮೇಲೆ ಕೂರಿಸಿ ನೋಡಿದ. ಬಾಗಿದ ಕಡೆ ತೂಕ ಹೆಚ್ಚು. ಎದುರು ಕಡೆ ಒಳಭಾಗದಲ್ಲಿ ಒಂದಿಷ್ಟು ರಾಳ ಸೇರಿಸಿ ಸಮ ಮಾಡಿದ. ಇದು ಅತಿಸೂಕ್ಷ್ಮದ ಹವ್ಯಾಸವಲ್ಲ. ೮೦ ಕಿಲೋಮೀಟರು ವೇಗದಲ್ಲಿ ಅಂಥ ಗಾಲಿ ಸೆಕೆಂಡಿಗೆ ಹನ್ನೆರಡು ಸುತ್ತು ತಿರುಗುತ್ತದೆ. ಆಗ ಅಂಚಿನ ಬಳಿ ಬರಿಯ ೧೦ ಗ್ರಾಂ ಹೆಚ್ಚಾಗಿದ್ದರೂ, ಅದು ಸುಮಾರು ಒಂದು ಕೆ. ಜಿ. ತೂಕದ ಬಲದಿಂದ ಗಾಲಿಯನ್ನು ಪ್ರತಿ ಸುತ್ತಿನಲ್ಲೂ ಜಗ್ಗುತ್ತಿರುತ್ತದೆ.

ನಾಲ್ಕನ್ನೂ ಗಾಲಿಗಳಿಗೆ ತೊಡಿಸಿ ಹುಡುಗ ದೂರ ನಿಂತು ನೋಡಿದ. ಹಾಲಿನ ಬಣ್ಣದ, ನುಣುಪಾದ, ಒಂದು ತೂತೂ ಇಲ್ಲದ ನಾಲ್ಕು ಚಂದ್ರಬಿಂಬಗಳು! ಇಂಥ ನುಣುಪು ಗಾಲಿಯಿಂದ ಗಾಳಿಯ ತಡೆ ಕಡಿಮೆಯಾಗುವುದೂ ಸುಳ್ಳಲ್ಲ. ೧೯೮೪ರಲ್ಲಿ ಇಟಲಿಯ ಫ್ರಾನ್ಸೆಸ್ಕೋ ಮೋಸರ್ ಮೆಕ್ಸಿಕೋ ನಗರದಲ್ಲಿ ಒಂದೇ ಗಂಟೆಯಲ್ಲಿ ೫೧ ಕಿಲೋಮೀಟರು ಸೈಕಲ್ ತುಳಿದು ದಾಖಲೆ ನಿರ್ಮಿಸಿದಾಗ, ಅವನ ಸೈಕಲ್ಲಿಗೆ ಅರಗಳಿಲ್ಲದ ಮುಚ್ಚಿದ ಗಾಲಿಗಳೇ ಇದ್ದವು.

“ಪೆಟ್ರೋಲ್ ಸೈತ ಉಳೀತದ್ರಿ ಅಪ್ಪಾ” ಎಂದ ಮಗ.

“ಎಷ್ಟು ವೇಗದಾಗ?”

ಮಗ ತಲೆ ಕೆರೆದುಕೊಂಡ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾದುದು. ೮೦ರ ವೇಗದಲ್ಲಿ ಇರುವುದು ೪೦ರಲ್ಲಿ ನಾಲ್ಕರಲ್ಲೊಂದು ಪಾಲು ಮಾತ್ರ. ಕಲ್ಲು ಹೊತ್ತ ಲಾರಿಗಳ ಹಿಂದೆ, ಗುಂಡಿಗಳನ್ನು ತಪ್ಪಿಸುತ್ತ, ೪೦ರಲ್ಲಿ ಸಾಗುವ ಕಾರಿಗೆ ಉಳಿಯುವ ಪೆಟ್ರೋಲು ದೇವರ ದೀಪಕ್ಕೂ ಸಾಲದು.

ತಂದೆ ಮುಗುಳ್ನಕ್ಕು, ಕಾರಿನ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಬಂದರು. ಮುಚ್ಚಳವನ್ನು ಬೆರಳಿನಿಂದ ತಟ್ಟಿ ನೋಡಿದರು. “ಚಂದ ಆಗ್ಯಾವ. ಖರೇನೇ ಚಂದ ಆಗ್ಯಾವ” ಎಂದರು. ಆಮೇಲೆ ಬಗ್ಗಿ ಕೇಳಿದರು: “ಕೀಲು ಎಲ್ಲಿ ಅದಾವೋ?”

“ಕೀಲಲ್ರಿ, ನಟ್ಟು. ಒಳಗದಾವ.”

“ಕಾಣಂಗಿಲ್ಲಲ್ಲ.”

“ಕಾಣಬಾರದಂತನ ಮುಚ್ಚಳರಿ, ಅಪ್ಪಾ.”

ತಂದೆ ಕಟ್ಟೆಯ ಮೇಲೆ ಕುಳಿತರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಪೂರ್ತಿಯಾಗಿ ಕೇಳಿರದ ಸಂಗತಿಯೊಂದನ್ನು ಹೇಳಿದರು. ಅವರು ಬಾಲಕರಾಗಿದ್ದಾಗ ಮನೆಯವರೆಲ್ಲ ಕೊಲ್ಲಾರಿ ಬಂಡಿ ಕಟ್ಟಿಕೊಂಡು ರೇವಗ್ಗಿಯ ಗುಡ್ಡಕ್ಕೆ, ರೇವಣಸಿದ್ಧೇಶ್ವರನ ಜಾತ್ರೆಗೆ ಹೊರಟಿದ್ದರು. ಎತ್ತುಗಳಿಗೆ ಝೂಲು, ಬಂಡಿಗೆ ಕೆಂಪು ಬಟ್ಟೆಯ ಝಾಲರಿ. ಆ ವರ್ಷ ಹುರುಪಿನಿಂದ ಗಾಲಿಯ ನಡುಭಾಗಕ್ಕೂ ಬಟ್ಟೆ ಸುತ್ತಿ ಹೂ ಕಟ್ಟಿದ್ದರು. ಅಚ್ಚಿನ ತುದಿಯಲ್ಲಿ ಗಾಲಿಯನ್ನು ತಡೆದು ನಿಲ್ಲಿಸುವ ಕಡೆಗೀಲು ದಾರಿಯಲ್ಲಿ ಎಲ್ಲಿ ಕಳಚಿತೋ ಯಾರಿಗೂ ಕಾಣಲಿಲ್ಲ. ದಿನದಂತೆ ಬಂಡಿ ಬೋಳಾಗಿದ್ದಿದ್ದರೆ, ಪಕ್ಕದಲ್ಲಿ ನಡೆದುಬರುತ್ತಿದ್ದ ಯಾರಾದರೂ ಕಂಡು ಕೂಗುತ್ತಿದ್ದರು. ಇಳಿಜಾರಿನಲ್ಲಿ ಗಾಲಿ ಬಿಟ್ಟುಹೋಯಿತು, ಬಂಡಿ ಮಗುಚಿತು, ಅವರ ಅಣ್ಣನ ಕಾಲು ಅದರಡಿ ಸಿಕ್ಕಿತು.

“ನಿಮ್ಮ ದೊಡ್ಡಪ್ಪ ಕುಂಟೋದು ಹುಟ್ಟಿನಿಂದ ಅಂತ ತಿಳದಿಯೇನು? ಹೂವಿನ ದೆಸಿಯಿಂದ” ಎಂದರು ತಂದೆ. ದನಿಯಲ್ಲಿ ಕೋಪವಿರಲಿಲ್ಲ.

ಹುಡುಗ ಅಂದು ರಾತ್ರಿ ಊಟ ಅರ್ಧಕ್ಕೇ ಎದ್ದ. ಹದಿನೈದು ದಿನಗಳ ಶ್ರಮ, ಉರಿದ ಕೈಬೆರಳು, ಕೂಡಿಟ್ಟಿದ್ದ ಹಣ, ಎಲ್ಲವೂ ಆ ನಾಲ್ಕು ಬಿಂಬಗಳಲ್ಲಿದ್ದವು. ತಂದೆ ‘ತೆಗೆ’ ಎಂದು ಹೇಳಿರಲಿಲ್ಲ, ಹೇಳಿದ್ದರೆ ಜಗಳವಾಡಬಹುದಿತ್ತು.

ವಾಸ್ತವವಾಗಿ ತಂದೆಯ ಅಂಜಿಕೆ ಹಳೆಯ ಕಾಲದವರ ಹಳಹಳಿಕೆ ಮಾತ್ರವಲ್ಲ. ಗಾಲಿಯ ನಟ್ಟುಗಳು ಸಡಿಲುವುದುಂಟು, ವಿಶೇಷವಾಗಿ ಪಂಕ್ಚರ್ ತಿದ್ದಿ ಹೊಸದಾಗಿ ಬಿಗಿದ ಮೊದಲ ನೂರು ಕಿಲೋಮೀಟರುಗಳಲ್ಲಿ. ನಟ್ಟಿಗೂ ಗಾಲಿಗೂ ನಡುವೆ ಮುಚ್ಚಳದ ಅಂಚೇನಾದರೂ ಸಿಕ್ಕಿಕೊಂಡರೆ ಇನ್ನೂ ಕೇಡು. ಒತ್ತಡಕ್ಕೆ ರಾಳ ಕುಗ್ಗಿ, ಬಿಗಿತ ತಾನಾಗಿ ಕಳೆದುಹೋಗುತ್ತದೆ. ಮತ್ತೊಂದು ಮಾತು ಬ್ರೇಕಿನದು. ಬ್ರೇಕು ತನ್ನ ಶಾಖವನ್ನು ಗಾಳಿಗೆ ಬಿಟ್ಟುಕೊಡಬೇಕು. ತೂತಿಲ್ಲದ ಮುಚ್ಚಳ ಆ ಗಾಳಿಯನ್ನು ತಡೆಯುತ್ತದೆ. ಸಾಮಾನ್ಯ ರೆಸಿನ್ನಾದರೋ ೬೦–೮೦ ಡಿಗ್ರಿಯಲ್ಲಿಯೇ ಮೆತ್ತಗಾಗತೊಡಗುತ್ತದೆ. ಮೆತ್ತಗಾದ ಮುಚ್ಚಳದ ಹಿಡಿ ಸಡಿಲಿದರೆ, ೪೦೦ ಗ್ರಾಮಿನ ಆ ತಟ್ಟೆ ಹಿಂದೆ ಬರುತ್ತಿರುವ ಸೈಕಲ್ ಸವಾರನ ಕಡೆಗೆ ಹಾರುವುದು.

ಬೆಳಿಗ್ಗೆ ತಂದೆ ಎದ್ದು ಬಂದಾಗ ಮಗ ಅಂಗಳದಲ್ಲಿ ಕುಳಿತಿದ್ದ. ಮೊದಲ ಮುಚ್ಚಳದ ನಡುವೆ ಕೈವಾರದಿಂದ ೧೫ ಸೆಂಟಿಮೀಟರು ಅಡ್ಡಳತೆಯ ವೃತ್ತವೊಂದನ್ನು ಎಳೆದಿದ್ದ. ನಾಲ್ಕೂ ನಟ್ಟುಗಳೂ ಕಾಣುವುದಕ್ಕೆ ಅಷ್ಟು ಸಾಕು. ಬ್ಲೇಡು ಮೊದಲ ಬಾರಿ ಹಾಲಿನ ಬಣ್ಣದ ಮೈಯನ್ನು ಕಚ್ಚಿದಾಗ ತಂದೆ ಮುಖ ಬೇರೆ ಕಡೆ ತಿರುಗಿಸಿದರು. ಎರಡನೆಯದಕ್ಕೆ ಅವರೇ ಬಂದು ನೀರು ಹನಿಸಿದರು. ಮೂರನೆಯದನ್ನು ಬಿಗಿಯಾಗಿ ಹಿಡಿದುಕೊಂಡರು. ನಾಲ್ಕನೆಯದು ಮುಗಿಯುವಷ್ಟರಲ್ಲಿ ಬಿಸಿಲೇರಿತ್ತು. ಕತ್ತರಿಸಿದ ಅಂಚುಗಳಿಗೆ ರೆಸಿನ್ ಸವರಿದ್ದಾಯಿತು. ಇಲ್ಲವಾದರೆ ಮಳೆಗಾಲದಲ್ಲಿ ನೀರು ನೂಲಿನ ಗುಂಟ ಒಳಸೇರಿ ಪದರವನ್ನು ಬಿಚ್ಚುತ್ತದೆ. ಗಾಳಿ ತುಂಬುವ ಬಾಯಿಗೂ ಒಂದು ಕಿಂಡಿ ಬಿಟ್ಟಿದ್ದಾಯಿತು.

ಆಮೇಲೆ ತಂದೆ ಒಳಗಿನಿಂದ ಬಿಳಿ ಬಣ್ಣದ ಡಬ್ಬಿ ತಂದರು. ಮಗ ಪಾನಾ ಹಿಡಿದು ನಟ್ಟುಗಳನ್ನು ಒಂದೊಂದಾಗಿ ಎದುರುಬದುರು ಬಿಗಿದ. ಬಿಗಿದ ಪ್ರತಿಯೊಂದರ ಮೇಲೂ ತಂದೆ, ನಟ್ಟಿನಿಂದ ಗಾಲಿಯ ಮೈಗೆ ಸೇರುವಂತೆ, ಸಣ್ಣ ಕುಂಚದಿಂದ ಒಂದು ನೇರವಾದ ಗೆರೆ ಎಳೆದರು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡಾಗುತ್ತದೆ. ಅದನ್ನು ಕಾಣಲು ಯಂತ್ರಶಾಸ್ತ್ರ ಬೇಕಾಗಿಲ್ಲ, ಬಗ್ಗಿ ನೋಡುವ ತಾಳ್ಮೆ ಇದ್ದರೆ ಸಾಕು. ಹದಿನಾರು ನಟ್ಟುಗಳಿಗೆ ಹದಿನಾರು ಗೆರೆ, ಎಳೆಯಾಗಿ ಹಚ್ಚಿದ ವಿಭೂತಿಯಂತೆ.

ನಿಶ್ಚಿತಾರ್ಥದ ದಿನ ಬೀಗರು ಕಾರನ್ನು ನೋಡಿದರು. ಅವರಲ್ಲಿ ಹಿರಿಯರೊಬ್ಬರು, “ಮುಚ್ಚಳದ ನಡುವ ತೂತು ಯಾಕ ಬಿಟ್ಟೀರಿ?” ಎಂದು ಕೇಳಿದರು.

ಮಗ ಉತ್ತರ ಕೊಡುವ ಮೊದಲೇ ಒಳಗಿನಿಂದ ಕುಂಟುತ್ತ ಬಂದ ದೊಡ್ಡಪ್ಪ ಬಗ್ಗಿ, ಗೆರೆಗಳನ್ನು ಒಂದೊಂದಾಗಿ ನೋಡಿ, ನೆಟ್ಟಗೆ ನಿಂತು ಹೇಳಿದರು:

“ಬಿಟ್ಟಿಲ್ರಿ. ಇಟ್ಟಾನ.”